ಕಿವಿ ಹೋಗುವ ಮೊದಲು ತೀರಬೇಕಾದ ಸಾಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಗಂಡನಿಗೆ ಕಿವಿ ಮಂದವಾಗುತ್ತಿದೆ ಎಂದು ಗೊತ್ತಾಗಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿದದ್ದು ಈ ಕೋಪದಿಂದಲೇ. "ರೀ, ಹಾಲು ತನ್ನಿ" ಅಂದರೆ ತರುತ್ತಿರಲಿಲ್ಲ. "ರೀ, ಗ್ಯಾಸ್ ಬುಕ್ ಮಾಡಿದ್ರಾ?" ಅಂದರೆ ಸುಮ್ಮನೆ ನಗುತ್ತಿದ್ದರು. ಮೂರನೇ ಸಲಕ್ಕೆ ನಾನು ಕಿರುಚುತ್ತಿದ್ದೆ. ಅವರು ಬೆಚ್ಚಿ ತಿರುಗಿ, "ಯಾಕೆ ಹಂಗೆ ಕಿರುಚ್ತೀಯ? ನಿಧಾನಕ್ಕೆ ಹೇಳಕ್ಕಾಗಲ್ವಾ?" ಎನ್ನುತ್ತಿದ್ದರು. ನಿಧಾನಕ್ಕೆ ಎರಡು ಸಲ ಹೇಳಿ ಆಗಿರುತ್ತಿತ್ತಲ್ಲ! ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ ಗಂಡಸರಿಗೆ ಹೆಂಡತಿಯ ಮಾತು ಕೇಳಿಸುವುದಿಲ್ಲ ಎಂದು ನನ್ನ ಜೊತೆ ಕೆಲಸ ಮಾಡುವ ಹೆಂಗಸರು ನಗುತ್ತಿದ್ದರು. ನಾನೂ ಅವರ ಜೊತೆ ನಕ್ಕು, ಮನೆಗೆ ಬಂದು ಜಗಳ ಆಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಕುಕ್ಕರಿನಲ್ಲಿ ಬೇಳೆ ಇಟ್ಟು, "ಮೂರು ವಿಷಲ್ ಆದ್ಮೇಲೆ ಆರ್ಸಿ" ಎಂದು ಗಟ್ಟಿಯಾಗಿಯೇ ಹೇಳಿ, ಗೇಟಿನ ಹತ್ತಿರ ಸೊಪ್ಪು ಕೊಳ್ಳಲು ಹೋದೆ. ಅವರು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಮೆಂತ್ಯದ ಕಟ್ಟಿಗೆ ಚೌಕಾಸಿ ಮಾಡುತ್ತಿದ್ದೆ. ಸೊಪ್ಪಿನವಳೇ ನನ್ನನ್ನು ತಡೆದು, "ಅಕ್ಕ, ನಿಮ್ ಕುಕ್ಕರ್ ಏಳು ಸಲ ಕೂಗ್ತು" ಅಂದಳು. ಬಾಯಿಗೆ ಬಂದದ್ದನ್ನೆಲ್ಲ ಬೈದುಕೊಂಡು ಒಳಗೆ ಓಡಿದೆ. ಬೇಳೆ ತಳ ಹಿಡಿದು ಮನೆಯೆಲ್ಲ ಕಮಟು ವಾಸನೆ. ಅವರು ಪುಟ ತಿರುಗಿಸುತ್ತಿದ್ದರು. ನನ್ನ ಮುಖ ನೋಡಿದರು, ಆಮೇಲೆ ಕುಕ್ಕರ್ ನೋಡಿದರು. ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು.

"ಕೂಗ್ತಾ?" ಎಂದರು.

ಅವರಿಗೆ ಮೊದಲೇ ಗೊತ್ತಿತ್ತು, ನನಗೆ ಹೇಳಿರಲಿಲ್ಲ, ಅಷ್ಟೆ. ಆ ಒಂದು ಮಾತಿಗೆ ನನ್ನ ಕೋಪವೆಲ್ಲ ಇಳಿದುಹೋಯಿತು. ಅದರ ಜಾಗದಲ್ಲಿ ಬಂದ ಭಯ ಇದೆಯಲ್ಲ, ಅದಕ್ಕಿಂತ ಕೋಪವೇ ವಾಸಿ ಅನ್ನಿಸಿತು.

ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಆಪರೇಟರ್. ಲೋಹದ ಹಾಳೆಯನ್ನು ಅಚ್ಚಿನ ಮೇಲಿಟ್ಟರೆ ಮೇಲಿನಿಂದ ಟನ್ನುಗಟ್ಟಲೆ ಭಾರ ಬಿದ್ದು ಬಿಲ್ಲೆಯೋ ಬ್ರಾಕೆಟ್ಟೋ ಕತ್ತರಿಸಿ ಬೀಳುತ್ತದೆ. ನಿಮಿಷಕ್ಕೆ ನಲವತ್ತು ಸಲ, ಒಂದು ಶೆಡ್ಡಿನಲ್ಲಿ ಹನ್ನೆರಡು ಪ್ರೆಸ್. ಇಪ್ಪತ್ತನಾಲ್ಕು ವರ್ಷ ಅವರು ಅದರ ಪಕ್ಕದಲ್ಲಿ ನಿಂತಿದ್ದರು. ನಾನು ಅಲ್ಲಿಂದ ಎರಡು ರಸ್ತೆ ಆಚೆ ಇನ್ನೊಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ಲೇತ್‌ನಿಂದ ಬರುವ ಪಾರ್ಟುಗಳ ಅಳತೆ ನೋಡಿ ಸರಿ ಇದ್ದರೆ ಸಹಿ, ಇಲ್ಲದಿದ್ದರೆ ಕೆಂಪು ಡಬ್ಬ. ನನ್ನ ಕೆಲಸದಲ್ಲಿ ಸದ್ದಿಲ್ಲ, ಕಣ್ಣು ಉರಿಯುತ್ತದೆ ಅಷ್ಟೆ.

ಆಸ್ಪತ್ರೆಯಲ್ಲಿ ಅವರನ್ನು ಗಾಜಿನ ಸಣ್ಣ ಕೋಣೆಯೊಳಗೆ ಕೂರಿಸಿ ತಲೆಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿಸಿದಾಗ ಬೆರಳೆತ್ತಬೇಕು. ನಾನು ಹೊರಗಿನ ಬೆಂಚಿನಲ್ಲಿ ಕೂತು ಆ ಬೆರಳನ್ನೇ ನೋಡುತ್ತಿದ್ದೆ. ಒಳಗೆ ಸದ್ದು ಹೋಗುತ್ತಿದೆ ಎನ್ನುವುದು ಯಂತ್ರದ ಮುಂದೆ ಕೂತಿದ್ದ ಹುಡುಗಿಯ ಕೈ ನೋಡಿದರೆ ತಿಳಿಯುತ್ತಿತ್ತು. ಅವಳು ಗುಂಡಿ ಒತ್ತುತ್ತಿದ್ದಳು, ಇನ್ನೊಮ್ಮೆ ಒತ್ತುತ್ತಿದ್ದಳು, ನನ್ನ ಗಂಡ ಪರೀಕ್ಷೆಗೆ ಕೂತ ಮಗುವಿನಂತೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಬೆರಳು ಏಳುತ್ತಿರಲಿಲ್ಲ. ನನಗೆ ಎದ್ದು ಹೋಗಿ ಆ ಬೆರಳನ್ನು ನಾನೇ ಎತ್ತಿಬಿಡೋಣ ಅನ್ನಿಸಿತು.

ಡಾಕ್ಟರಮ್ಮ ಕಾಗದದ ಮೇಲಿನ ಎರಡು ಗೆರೆ ತೋರಿಸಿದರು. ಎರಡೂ ಕೆಳಮುಖ, ಬಲಗಿವಿಯದ್ದು ತೀರಾ ಕೆಳಗೆ. "ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬಹುದು. ಪ್ರೆಸ್ ಕೆಲಸ ಆದಷ್ಟು ಬೇಗ ಬಿಡ್ಸಿ. ಹಿಂಗೇ ಬಿಟ್ರೆ ಮನೆಯವ್ರ ಮಾತೂ ಕೇಳಿಸದೇ ಇರೋ ಹಂಗಾಗತ್ತೆ" ಎಂದರು. ಅದನ್ನವರು ನನಗೆ ಹೇಳಿದ್ದು. ಪಕ್ಕದಲ್ಲಿದ್ದ ಇವರು ನಗುತ್ತಾ ತಲೆಯಾಡಿಸಿದರು. ಕೇಳಿಸಿರಲಿಲ್ಲ.

ಬಸ್ ಸ್ಟಾಪಿನಲ್ಲಿ ನಿಂತು ನಾನು ಕೂಗಿ ಕೂಗಿ ಎಲ್ಲ ಹೇಳಿದೆ. ಅವರ ಹಳೆಯ ಸ್ನೇಹಿತರೊಬ್ಬರು ಟೂಲ್ಸ್ ಗೋಡೌನಿನಲ್ಲಿ ಸ್ಟೋರ್ ಕೀಪರ್ ಕೆಲಸಕ್ಕೆ ಕರೆಯುತ್ತಲೇ ಇದ್ದರು. ಕೂತು ಮಾಡುವ ಕೆಲಸ, ಸದ್ದಿಲ್ಲ, ಸಂಬಳ ಮಾತ್ರ ಈಗಿನದರ ಅರ್ಧ. ಅದಕ್ಕೆ ಸೇರಿಬಿಡಿ ಅಂದೆ.

"ಲೋನು?" ಎಂದರು.

ಅಷ್ಟೇ ಹೇಳಿದ್ದು. ಲಗ್ಗೆರೆಯಲ್ಲಿ ಇಪ್ಪತ್ತು ಮೂವತ್ತರ ಸೈಟಿನಲ್ಲಿ ನಾವು ಕಟ್ಟಿಸಿದ ಮನೆಯ ಸಾಲ ಅದು. ಕೆಳಗೆ ನಾವಿಬ್ಬರು, ಮಗಳು, ನಮ್ಮತ್ತೆ; ಮೇಲೆ ಬಾಡಿಗೆಯವರು. ತಿಂಗಳಿಗೆ ಹದಿನೇಳು ಸಾವಿರದ ನಾನೂರು ಕಂತು, ಇನ್ನೂ ಹನ್ನೊಂದು ವರ್ಷ ಬಾಕಿ. ಅರ್ಧ ಸಂಬಳಕ್ಕೆ ಹೋದರೆ ಕಂತು ಕಟ್ಟಿ ಅಕ್ಕಿ ತರಲು ಆಗುತ್ತಿರಲಿಲ್ಲ. ಹನ್ನೊಂದು ವರ್ಷ ಅದೇ ಶೆಡ್ಡಿನಲ್ಲಿ ನಿಂತರೆ ಕಿವಿ ಇರುತ್ತಿರಲಿಲ್ಲ. ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತಾ ಕೂತರು. ನಾನು ಆ ಸೀಟಿನಲ್ಲಿ ಕೂತೇ ನಿರ್ಧಾರ ಮಾಡಿದೆ. ಈ ಸಾಲ ಇವರ ಕಿವಿಗಿಂತ ಮೊದಲು ಮುಗಿಯಬೇಕು, ಏನೇ ಆಗಲಿ.

ಮನೆಗೆ ಬಂದು ಡಿಪ್ಲೊಮಾ ಓದುತ್ತಿದ್ದ ಮಗಳನ್ನು ಕೂರಿಸಿದೆ. ಅವಳು ಫೋನಿನಲ್ಲಿ ಅಂಕಿ ಹಾಕಿ ತೋರಿಸಿದಳು. "ನೋಡಮ್ಮ, ಕಂತಿನ ಮೇಲೆ ತಿಂಗಳಿಗೆ ಐದು ಸಾವಿರ ಜಾಸ್ತಿ ಕಟ್ಟಿದ್ರೆ ಹನ್ನೊಂದು ವರ್ಷದ್ದು ಏಳೂಕಾಲು ವರ್ಷಕ್ಕೆ ಮುಗ್ಯತ್ತೆ. ಜಾಸ್ತಿ ಕಟ್ಟಿದ್ದೆಲ್ಲ ನೇರ ಅಸಲಿಗೆ ಹೋಗತ್ತೆ, ಅಸಲು ಇಳಿದ್ರೆ ಬಡ್ಡಿ ಇಳಿಯತ್ತೆ." ನನಗೆ ಕಣ್ಣು ಬಿಟ್ಟ ಹಾಗಾಯಿತು. ಐದು ಸಾವಿರಕ್ಕೆ ಮೂರೂಮುಕ್ಕಾಲು ವರ್ಷ! ಇಷ್ಟು ವರ್ಷ ಯಾಕೆ ಯಾರೂ ಹೇಳಲಿಲ್ಲ ಎಂದು ಅವಳ ಮೇಲೇ ರೇಗಿದೆ. "ನೀನು ಕೇಳ್ಳಿಲ್ವಲ್ಲ" ಅಂದಳು, ನನ್ನ ಮಗಳಲ್ಲವೇ.

ಐದು ಸಾವಿರ ಎಲ್ಲಿಂದ ಬರುತ್ತದೆ? ಮನೆಖರ್ಚಿನಲ್ಲೇ ಕಿತ್ತುಕೊಂಡೆ. ಕೇಬಲ್ ತೆಗೆಸಿದೆ. ಗೌರಿ ಹಬ್ಬದ ಸೀರೆ ನಿಂತಿತು. ಪೀಣ್ಯಕ್ಕೆ ಶೇರ್ ಆಟೋ ಬಿಟ್ಟು ಬಸ್ ಪಾಸ್ ಮಾಡಿಸಿದೆ. ನೆಂಟರ ಮದುವೆಗಳಿಗೆ ಹೋಗಿ ಮುಯ್ಯಿ ಕವರಿನಲ್ಲಿ ಹಿಂದಿನದಕ್ಕಿಂತ ಕಡಿಮೆ ಇಟ್ಟು, ಊಟದ ಪಂಕ್ತಿಯಲ್ಲಿ ತಲೆ ತಗ್ಗಿಸದೆ ಕೂತು ಉಂಡು ಬಂದೆ. "ಮಗಳಿಗೆ ಚಿನ್ನ ಮಾಡ್ಸೋ ವಯಸ್ಸಲ್ಲಿ ಬ್ಯಾಂಕಿಗೆ ಸುರೀತಾಳೆ" ಎಂದು ನಾದಿನಿ ಅಂದದ್ದು ಕಿವಿಗೆ ಬಿತ್ತು. ನನ್ನ ಗಂಡನಿಗೆ ಬೀಳಲಿಲ್ಲ, ಪುಣ್ಯ.

ಪ್ರತಿ ತಿಂಗಳು ಸಂಬಳ ಬಂದ ಮಾರನೇ ದಿನ ಫೋನಿನಿಂದಲೇ ಸಾಲದ ಖಾತೆಗೆ ಐದು ಸಾವಿರದ ಒಂದು ರೂಪಾಯಿ ಕಳಿಸುತ್ತಿದ್ದೆ. ಶುಭಕ್ಕೆ ಇರಲಿ ಎಂದು ಆ ಒಂದು ರೂಪಾಯಿ. ತಕ್ಷಣ ಮೆಸೇಜ್ ಬರುತ್ತಿತ್ತು, ಹಣ ಜಮಾ ಆಗಿದೆ ಎಂದು. ಅದನ್ನು ನೋಡಿದರೆ ಏನೋ ಒಂದು ಧೈರ್ಯ. ಗಂಡನಿಗೆ ತೋರಿಸುತ್ತಿದ್ದೆ. ಅವರು ಹೆಬ್ಬೆರಳು ಎತ್ತುತ್ತಿದ್ದರು. ಹೀಗೆ ಹದಿನಾಲ್ಕು ತಿಂಗಳು.

ಹದಿನೈದನೆಯ ತಿಂಗಳು ತೆರಿಗೆ ಲೆಕ್ಕಕ್ಕೆ ಬಡ್ಡಿಯ ಸರ್ಟಿಫಿಕೇಟ್ ಬೇಕೆಂದು ಅವರ ಕಾರ್ಖಾನೆಯಲ್ಲಿ ಕೇಳಿದರು. ಅರ್ಧ ದಿನ ರಜೆ ಹಾಕಿ ಸಾಲ ಕೊಟ್ಟವರ ಆಫೀಸಿಗೆ ಹೋದೆ. ನಮ್ಮದು ದೊಡ್ಡ ಬ್ಯಾಂಕಲ್ಲ, ಮನೆ ಸಾಲ ಮಾತ್ರ ಕೊಡುವ ಒಂದು ಕಂಪನಿ. ಕೌಂಟರಿನ ಹುಡುಗಿ ಸರ್ಟಿಫಿಕೇಟ್ ಜೊತೆ ಸ್ಟೇಟ್‌ಮೆಂಟೂ ಕೊಟ್ಟಳು. ಕೊನೆಯ ಸಾಲು ನೋಡಿದೆ. ಬಾಕಿ ಕಂತುಗಳು: ನೂರ ಹದಿನೆಂಟು. ಬೆರಳು ಮಡಚಿ ಲೆಕ್ಕ ಹಾಕಿದೆ. ಹನ್ನೊಂದು ವರ್ಷದಿಂದ ಹದಿನಾಲ್ಕು ತಿಂಗಳು ಕಳೆದರೆ ನೂರ ಹದಿನೆಂಟು. ಅಂದರೆ ಒಂದು ತಿಂಗಳೂ ಹೆಚ್ಚಿಗೆ ಇಳಿದಿರಲಿಲ್ಲ.

"ಏನಮ್ಮ ಇದು? ನಾನು ತಿಂಗಳ್ ತಿಂಗಳೂ ಜಾಸ್ತಿ ಕಟ್ಟಿದೀನಲ್ಲ, ಎಲ್ಲಿ ಹೋಯ್ತು?"

ಅವಳು ಕಂಪ್ಯೂಟರ್ ನೋಡಿದಳು. "ಇದೆ ಮೇಡಂ, ಎಲ್ಲೂ ಹೋಗಿಲ್ಲ. ಎಪ್ಪತ್ತು ಸಾವಿರದ ಹದಿನಾಲ್ಕು ರೂಪಾಯಿ. ಹೆಚ್ಚುವರಿ ಅಂತ ಪಕ್ಕದಲ್ಲಿ ಇಟ್ಟಿದೆ. ಅಸಲಿಗೆ ಹಾಕಿ ಅಂತ ನೀವು ಲೆಟರ್ ಕೊಡ್ಬೇಕಿತ್ತು. ಅದೂ ಒಂದ್ಸಲಕ್ಕೆ ಎರಡು ಕಂತಿಗಿಂತ ಕಡಿಮೆ ಆದ್ರೆ ತಗೊಳಲ್ಲ."

"ಹಾಗಾದ್ರೆ ಹದ್ನಾಲ್ಕು ತಿಂಗಳು ಬಡ್ಡಿ?"

"ಪೂರ್ತಿ ಅಸಲಿನ ಮೇಲೇ ಹೋಗಿದೆ, ಮೇಡಂ."

ಮೈಯೆಲ್ಲ ಉರಿದುಹೋಯಿತು. ಆ ಹುಡುಗಿಯ ಮೇಲೆ ನಾನು ಹರಿಹಾಯ್ದದ್ದನ್ನು ಇಲ್ಲಿ ಬರೆಯುವುದಿಲ್ಲ, ನನಗೇ ನಾಚಿಕೆ. ಅವಳು ಪಾಪ, ಒಳಗೆ ಹೋಗಿ ನಮ್ಮ ಸಾಲದ ಒಪ್ಪಂದದ ಕಟ್ಟು ತಂದು, ಒಂದು ಪುಟ ತೆಗೆದು ನನ್ನ ಕಡೆ ತಿರುಗಿಸಿದಳು. ಅವಳು ಹೇಳಿದ್ದೆಲ್ಲ ಅಲ್ಲಿ ಅಚ್ಚಾಗಿತ್ತು. ಕೆಳಗೆ ನನ್ನ ಗಂಡನ ಸಹಿ, ಪಕ್ಕದಲ್ಲಿ ನನ್ನದು.

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆ. ಯಂತ್ರಕ್ಕೆ ಹೊಸ ಕೆಲಸ ಹಾಕಿದರೆ ಅದರಿಂದ ಬರುವ ಮೊದಲನೆಯ ಪಾರ್ಟು ನನ್ನ ಮೇಜಿಗೆ ಬರಬೇಕು. ಫಸ್ಟ್ ಪೀಸ್ ಅನ್ನುತ್ತೇವೆ. ನಾನು ಅಳೆದು ಚೀಟಿಗೆ ಸಹಿ ಹಾಕುವವರೆಗೆ ಎರಡನೆಯದು ಓಡಿಸುವಂತಿಲ್ಲ. ಅದನ್ನು ತೋರಿಸದೆ ಐನೂರು ಪೀಸ್ ಓಡಿಸಿ ಎಲ್ಲವೂ ಅಳತೆ ತಪ್ಪಿದಾಗ ಆಪರೇಟರುಗಳನ್ನು ನಿಲ್ಲಿಸಿ ನಾನು ಬೈದದ್ದು ಅಷ್ಟಿಷ್ಟಲ್ಲ. "ಮೊದಲ್ನೇದು ತೋರಿಸದೆ ಓಡ್ಸು ಅಂತ ಯಾರಪ್ಪಾ ಹೇಳಿದ್ದು ನಿಂಗೆ? ಮನೆಯಿಂದ ತಂದ ಮಾಲಾ ಇದು?" ಎಂದು ಹತ್ತು ಜನರೆದುರು ಮಾನ ಕಳೆಯುತ್ತಿದ್ದೆ. ಅಂಥ ನಾನು, ನನ್ನ ಮನೆಯ ಸಾಲಕ್ಕೆ ಮೊದಲನೆಯ ಐದು ಸಾವಿರ ಹಾಕಿದ ಮೇಲೆ ಅದು ಎಲ್ಲಿ ಹೋಗಿ ಕೂತಿತು ಎಂದು ಒಂದು ಸಲ, ಒಂದೇ ಒಂದು ಸಲ ನೋಡಿರಲಿಲ್ಲ. ಮೆಸೇಜ್ ನಂಬಿ ಹದಿನಾಲ್ಕು ತಿಂಗಳು ಓಡಿಸಿದ್ದೆ. ಆ ಹದಿನಾಲ್ಕು ತಿಂಗಳೂ ನನ್ನ ಗಂಡ ಪ್ರೆಸ್ಸಿನ ಪಕ್ಕ ನಿಂತಿದ್ದರು.

ಅಲ್ಲೇ ಒಂದು ಬಿಳಿ ಹಾಳೆ ಕೇಳಿ ಪಡೆದು ಪತ್ರ ಬರೆದೆ. ಇಷ್ಟನ್ನೂ ಅಸಲಿಗೆ ಹಾಕಿ, ಕಂತು ಇಳಿಸಬೇಡಿ, ಅವಧಿ ಇಳಿಸಿ. ಹಾಗೆ ಬರೆಯದಿದ್ದರೆ ಅವರು ಕಂತಿನ ಮೊತ್ತ ಇಳಿಸಿ ವರ್ಷಗಳನ್ನು ಹಾಗೇ ಬಿಡುತ್ತಾರೆ ಎಂದು ಹೇಳಿದ್ದು ನಾನು ಬೈದ ಅದೇ ಹುಡುಗಿ. ಸೀಲು ಹಾಕಿಸಿಕೊಂಡೆ. ಕ್ಷಮಿಸಮ್ಮ ಅಂದೆ. "ಪರ್ವಾಗಿಲ್ಲ ಮೇಡಂ, ನಮ್ಮಮ್ಮನೂ ಹಿಂಗೇ" ಅಂದಳು.

ಮನೆಗೆ ಬಂದು ಗಂಡನಿಗೆ ಹೇಳಬೇಕಲ್ಲ. ಕಿವಿ ಕೇಳದವರ ಹೆಂಡತಿಗೆ ಇರುವ ದೊಡ್ಡ ಕಷ್ಟ ಇದು, ನಾಚಿಕೆಯ ಮಾತನ್ನೂ ಗಟ್ಟಿಯಾಗಿಯೇ ಹೇಳಬೇಕು. "ನನ್ನಿಂದ ತಪ್ಪಾಯ್ತು" ಎನ್ನುವುದನ್ನು ಮೂರು ಸಲ, ಮೇಲಿನ ಬಾಡಿಗೆಯವರಿಗೂ ಪಕ್ಕದ ಮನೆಯವರಿಗೂ ಕೇಳುವಂತೆ ಕೂಗಿದೆ. ಅಳು ಬಂತು, ಅಳುತ್ತಲೇ ಕೂಗಿದೆ. ಅವರು ಬೈಯಲಿಲ್ಲ. "ದುಡ್ಡು ಅಲ್ಲೇ ಇದೆಯಲ್ಲ, ಎಲ್ಲೂ ಹೋಗಿಲ್ವಲ್ಲ, ಬಿಡು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಬೈದದ್ದು ನಮ್ಮತ್ತೆ. ಎಪ್ಪತ್ತು ಸಾವಿರದ ಹದಿನಾಲ್ಕು ಎಂದು ಕೇಳಿ, ಆ ಹದಿನಾಲ್ಕು ಎಲ್ಲಿಂದ ಬಂತು ಎಂದು ವಿಚಾರಿಸಿದರು. ತಿಂಗಳಿಗೊಂದು ರೂಪಾಯಿ ಸೇರಿಸುತ್ತಿದ್ದೆ ಎಂದೆ. ಹಣೆ ಚಚ್ಚಿಕೊಂಡರು.

"ಅಯ್ಯೋ ನಿನ್ ಬುದ್ಧಿಗಿಷ್ಟು! ಮುಯ್ಯಿಗೆ ಒಂದ್ರೂಪಾಯ್ ಸೇರ್ಸೋದು ನಂಟು ಮುಂದುವರೀಲಿ ಅಂತ ಕಣವ್ವಾ. ಸಾಲಕ್ಕೂ ಸೇರ್ಸ್‌ಬಿಟ್ಟಾ? ಸಾಲಾನೂ ಮುಂದುವರೀಲಿ ಅಂತಾನಾ? ಅದ್ಕೇ ಅಂಗೇ ಕುಂತೈತೆ ಅದು!"

ಅಳುತ್ತಿದ್ದ ನಾನು ನಕ್ಕುಬಿಟ್ಟೆ. ಗಂಡ "ಏನಂತೆ, ಏನಂತೆ?" ಎಂದು ಕೇಳಿದರು. ಅದನ್ನೂ ಕೂಗಿ ಹೇಳಿದೆ. ಅವರೂ ನಕ್ಕರು.

ಆದರೆ ನನ್ನ ಗಂಡ ಸುಮ್ಮನೆ ಬಿಡುವವರಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಮುಂದಿನ ತಿಂಗಳು ಮನೆಗೆ ಬರುವುದು ತಡವಾಗತೊಡಗಿತು. ಕೇಳಿದರೆ ಬಸ್ ಸಿಗಲಿಲ್ಲ, ಟ್ರಾಫಿಕ್ಕು, ಯೂನಿಯನ್ ಮೀಟಿಂಗು. ಟಿ.ವಿ. ಸದ್ದು ದಿನದಿನಕ್ಕೂ ಏರುತ್ತಿತ್ತು. ತಿಂಗಳ ಕೊನೆಗೆ ಶರ್ಟು ಒಗೆಯಲು ಜೇಬು ನೋಡಿದಾಗ ಸಂಬಳದ ಚೀಟಿ ಸಿಕ್ಕಿತು. ಓವರ್‌ಟೈಮ್ ನಲವತ್ತೆಂಟು ಗಂಟೆ. ಅಷ್ಟು ಗಂಟೆ ಪ್ರೆಸ್ಸಿನ ಪಕ್ಕ ಹೆಚ್ಚಿಗೆ ನಿಂತಿದ್ದಾರೆ, ಸಾಲ ಬೇಗ ತೀರಲಿ ಎಂದು!

ಅವತ್ತು ಆಡಿದಂಥ ಜಗಳ ನಾವು ಮದುವೆಯಾದ ಮೇಲೆ ಆಡಿರಲಿಲ್ಲ.

"ನಿಮ್ ಕಿವಿ ಉಳೀಲಿ ಅಂತ ನಾನು ಸಾಲ ತೀರಿಸ್ತಿದ್ರೆ, ಸಾಲ ತೀರಿಸಕ್ಕೆ ನೀವು ಕಿವಿ ಮಾರ್ತಿದೀರಲ್ರೀ! ತಲೆ ನೆಟ್ಟಗಿದ್ಯಾ ನಿಮ್ಗೆ?"

"ಇನ್ನೇನ್ ಮಾಡ್ಲಿ? ನೀನೊಬ್ಳೇ ಹೊರ್ತೀಯಾ? ಅದು ನನ್ ಮನೆ ಅಲ್ವಾ?"

"ಕಿವಿಗೆ ಪ್ಲಗ್ ಕೊಟ್ಟಿದಾರಲ್ಲ ಕಾರ್ಖಾನೇಲಿ, ಅದನ್ನಾದ್ರೂ ಹಾಕ್ಕೊಂಡ್ರಾ?"

"ಹಾಕ್ಕೊಂಡ್ರೆ ಅಚ್ಚಿನ ಸದ್ದು ಕೇಳಿಸಲ್ಲ ಕಣೆ. ಅಚ್ಚು ಸರಿಯಾಗಿ ಕೂತಿಲ್ಲ ಅಂದ್ರೆ ಸದ್ದಲ್ಲೇ ಗೊತ್ತಾಗತ್ತೆ. ಗೊತ್ತಾಗ್ಲಿಲ್ಲ ಅಂದ್ರೆ ಬೆರಳು ಹೋಗತ್ತೆ. ನನ್ ಪಕ್ಕದ ಪ್ರೆಸ್ಸಲ್ಲಿ ಇಬ್ಬರದ್ದು ಹೋಗಿದೆ" ಎಂದರು.

ಇಪ್ಪತ್ತನಾಲ್ಕು ವರ್ಷ ಕಿವಿ ಕೊಟ್ಟು ಬೆರಳು ಉಳಿಸಿಕೊಂಡಿದ್ದರು ಈ ಮನುಷ್ಯ. ನನಗೆ ಗೊತ್ತೇ ಇರಲಿಲ್ಲ. ಅಸಡ್ಡೆ ಎಂದುಕೊಂಡಿದ್ದೆ. ಒಳಗಿನಿಂದ ಅತ್ತೆ ಬಂದು ಮಗನೆದುರು ನಿಂತರು. "ಅವ್ಳು ಯೋಳೋದು ಸರ್ಯಾಗೈತೆ ಕಣ್ಲಾ. ಓಟಿ ಗೀಟಿ ಬ್ಯಾಡ. ನಾಳೆ ಸಾಯೋ ಒತ್ನಲ್ಲಿ ನಾನ್ ಕರದ್ರೆ ನಿಂಗೆ ಕೇಳುಸ್ಬೇಕಲ್ಲ" ಎಂದರು. ಇದನ್ನು ಅತ್ತೆ ಕೂಗಿ ಹೇಳಲಿಲ್ಲ, ಆದರೂ ಅದು ಮಗನಿಗೆ ಅರ್ಥವಾಯಿತು, ಬಾಯಿ ನೋಡಿ ತಿಳಿದುಕೊಂಡರೋ ಏನೋ.

ಆ ದಿನ ಮನೆಯಲ್ಲಿ ಒಪ್ಪಂದವಾಯಿತು. ಅವರು ಓವರ್‌ಟೈಮ್ ಮಾಡುವಂತಿಲ್ಲ. ಮ್ಯಾನೇಜರನ್ನು ಕೇಳಿ ಬೆಳಕಿನ ಪರದೆ ಇರುವ ಹೊಸ ಪ್ರೆಸ್ಸಿಗೆ ಬದಲಾಗಬೇಕು, ಕೈ ಒಳಗಿದ್ದರೆ ಅದು ತಾನೇ ನಿಲ್ಲುತ್ತದೆ, ಸದ್ದು ಕೇಳುವ ಅಗತ್ಯವಿಲ್ಲ. ಅಲ್ಲಿ ನಿಂತ ಅಷ್ಟೂ ಹೊತ್ತು ಕಿವಿಗೆ ದಪ್ಪನೆಯ ಮಫ್ ಹಾಕಬೇಕು. ಓವರ್‌ಟೈಮ್ ನಾನು ಮಾಡುತ್ತೇನೆ, ಭಾನುವಾರದ ಶಿಫ್ಟ್, ಡಬಲ್ ಸಂಬಳ. ಮೇಲಿನ ಮನೆಯ ಬಾಡಿಗೆ ಪೂರ್ತಿ ಸಾಲಕ್ಕೆ. ಅತ್ತೆ ತಾವಾಗಿಯೇ ಸೀರೆಗೆ ಫಾಲ್ಸ್ ಹಚ್ಚುವ ಕೆಲಸ ಹಿಡಿದರು. ಹೊಸ ಪ್ರೆಸ್ ಸಿಗಲು ನನ್ನ ಗಂಡ ಎರಡು ತಿಂಗಳು ಮ್ಯಾನೇಜರ್ ಬಾಗಿಲಲ್ಲಿ ನಿಂತರು. ಕೊನೆಗೆ ಡಾಕ್ಟರ ಕಾಗದ ಹಿಡಿದುಕೊಂಡು ನಾನೇ ಹೋದೆ. ಒಂದೇ ವಾರದಲ್ಲಿ ಸಿಕ್ಕಿತು.

ಅಲ್ಲಿಂದ ಮುಂದೆ ಹತ್ತಿರಹತ್ತಿರ ನಾಲ್ಕು ವರ್ಷ. ಮೂರು ತಿಂಗಳು ದುಡ್ಡು ಕೂಡಿಡುವುದು, ಎರಡು ಕಂತು ಮೀರುತ್ತಿದ್ದಂತೆ ಪತ್ರ ಬರೆದು ಆಫೀಸಿಗೆ ಹೋಗುವುದು, ಸೀಲು ಹಾಕಿಸುವುದು, ವಾರ ಬಿಟ್ಟು ಮತ್ತೆ ಹೋಗಿ ಸ್ಟೇಟ್‌ಮೆಂಟ್ ತೆಗೆಸಿ ಬಾಕಿ ಕಂತು ಎಷ್ಟು ಇಳಿಯಿತು ಎಂದು ನೋಡುವುದು. ಇಳಿಯದ ಹೊರತು ಜಾಗ ಬಿಟ್ಟು ಏಳುತ್ತಿರಲಿಲ್ಲ. ನಾನು ಬಾಗಿಲಲ್ಲಿ ಕಂಡರೆ ಸಾಕು, ಪ್ಯೂನ್ "ಬಂದ್ರು" ಎನ್ನುತ್ತಿದ್ದ. ಎನ್ನಲಿ. ನೂರ ಹದಿನೆಂಟು ನೂರಾಯಿತು, ಎಂಬತ್ತಾಯಿತು, ಅರವತ್ತಾಯಿತು. ಆಯುಧಪೂಜೆಗೆ ಇಬ್ಬರಿಗೂ ಬೋನಸ್ ಬರುತ್ತದೆ. ಕಾರ್ಖಾನೆಯಲ್ಲಿ ಕುಂಬಳಕಾಯಿ ಒಡೆದು, ಬೂಂದಿ ಪೊಟ್ಟಣ ಹಿಡಿದುಕೊಂಡು ಹೊರಬಂದ ಜನ ಟಿ.ವಿ. ಅಂಗಡಿಗೆ ಹೋದರೆ ನಾನು ಪತ್ರ ಬರೆಯುತ್ತಿದ್ದೆ.

ಮಧ್ಯೆ ಒಂದು ದಿನ ನಾನು ಕೆಲಸದಲ್ಲಿದ್ದಾಗ ಸಾಲದ ಕಂಪನಿಯಿಂದ ಒಂದು ಫೋನು. "ಮೇಡಂ, ನೀವು ತುಂಬಾ ಒಳ್ಳೇ ಕಸ್ಟಮರ್, ನಿಮ್ಗೆ ಟಾಪ್ ಅಪ್ ಲೋನ್ ಅಪ್ರೂವ್ ಆಗಿದೆ. ಮೇಲೆ ಇನ್ನೊಂದು ಫ್ಲೋರ್ ಕಟ್ಬಹುದು."

"ನಿಮ್ ಟಾಪ್ ಅಪ್ಪಿಗೆ ಬೆಂಕಿ ಬೀಳ! ಇಳಿಸಕ್ಕೆ ನಾನಿಲ್ಲಿ ಸಾಯ್ತಿದೀನಿ, ನೀವು ಏರಿಸಕ್ಕೆ ಬರ್ತೀರಾ? ಇನ್ನೊಂದ್ಸಲ ಫೋನ್ ಮಾಡಿದ್ರೆ ನೋಡಿ!"

ನಮ್ಮ ವಿಭಾಗದಲ್ಲಿದ್ದ ಎಲ್ಲ ಹೆಂಗಸರೂ ಅಳತೆಯ ಗೇಜು ಕೆಳಗಿಟ್ಟು ನಕ್ಕರು.

ನಗದ ದಿನಗಳೂ ಇದ್ದವು. ಮೂರನೆಯ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಕೂಡಿಟ್ಟಿದ್ದ ಅರವತ್ತು ಸಾವಿರ ಆಪರೇಷನ್ನಿಗೆ ತೆಗೆದೆ. ಸ್ಟ್ರೆಚರಿನ ಮೇಲೆ ಮಲಗಿದ್ದವರು ನನ್ನ ಕೈ ಹಿಡಿದು, "ಬ್ಯಾಡ ಕಣವ್ವಾ, ಅವ್ನ್ ಕಿವಿ ದುಡ್ಡು ನನ್ ಸೊಂಟಕ್ಕಾಕ್ಬ್ಯಾಡ. ನಂದಿನ್ನೆಷ್ಟ್ ದಿನ" ಎಂದರು. "ನೀವು ಬಾಯ್ಮುಚ್ಕೊಂಡು ಮಲಗಿ ಅತ್ತೆ" ಎಂದೆ, ಬಹುವಚನದಲ್ಲೇ ಗದರಿಸಿದೆ. ಹೊರಗೆ ಬಂದು ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ಅತ್ತುಬಿಟ್ಟೆ. ಅವರ ಸೊಂಟಕ್ಕೂ, ಮುಂದೆ ಹೋದ ಮೂರು ತಿಂಗಳಿಗೂ ಸೇರಿಸಿ ಅತ್ತದ್ದು ಅದು. ಅತ್ತೆ ವಾಕರ್ ಹಿಡಿದು ನಡೆಯುವ ಹಾಗಾದರು. ಆಮೇಲೆ ಎರಡು ತಿಂಗಳಲ್ಲಿ ಕೂತಲ್ಲೇ ಫಾಲ್ಸ್ ಹಚ್ಚತೊಡಗಿದರು. ಆ ವರ್ಷ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮಗಳು ಮೊದಲ ಸಂಬಳ ತಂದು ಕೈಗಿಟ್ಟಳು. ಅದರಲ್ಲಿ ಒಂದು ರೂಪಾಯಿಯನ್ನೂ ಸಾಲಕ್ಕೆ ಹಾಕಲಿಲ್ಲ. ಇದು ನಮ್ಮಿಬ್ಬರ ಸಾಲ, ನಾವೇ ತೀರಿಸಬೇಕು ಎನ್ನುವುದು ನನ್ನ ಹಟ.

ಅದೇ ವರ್ಷ ಇನ್ನೊಂದು ಸಲ ಕಿವಿ ಪರೀಕ್ಷೆ ಮಾಡಿಸಿದೆವು. ಬಲಗಿವಿ ಇನ್ನಷ್ಟು ಇಳಿದಿತ್ತು. ಎಡಗಿವಿಯ ಗೆರೆ ಹಳೆಯ ಕಾಗದದಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ಎರಡೂ ಕಾಗದ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಡಾಕ್ಟರಮ್ಮ ನಕ್ಕು, "ಸರಿಯಾಗೇ ಇದೆ ಬಿಡಿ" ಎಂದರು. ಸರಿಯಾಗಿದೆ ಎಂದು ಯಾರೋ ಹೇಳಿದರೆ ನಂಬುವ ಕಾಲ ನನಗೆ ಮುಗಿದಿತ್ತು.

ಎಡಗಿವಿ ಒಂದು ಉಳಿದಿತ್ತು, ಅದನ್ನು ಬಿಟ್ಟುಕೊಡುವಂತಿರಲಿಲ್ಲ. ಆಮೇಲಿನ ಒಂದೂವರೆ ವರ್ಷ ನಾನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಜ್ವರ ಬಂದ ದಿನವೂ ಹೋದೆ. ನನ್ನ ಗಂಡ ಬೆಳಿಗ್ಗೆ ಎದ್ದು ನನಗೆ ಡಬ್ಬಿ ಕಟ್ಟುತ್ತಿದ್ದರು. ಅನ್ನ ಮುದ್ದೆಯಾಗಿರುತ್ತಿತ್ತು, ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ. ನಾನು ತಿಂದು ಡಬ್ಬಿ ತೊಳೆದು ತರುತ್ತಿದ್ದೆ. ಅಡುಗೆ ಚೆನ್ನಾಗಿತ್ತಾ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದೆ, ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಹೋದ ಆಯುಧಪೂಜೆಯ ಬೋನಸ್ ಸೇರಿಸಿದಾಗ ಬಾಕಿಯಷ್ಟೂ ಕೈಯಲ್ಲಿತ್ತು. ಹಬ್ಬ ಮುಗಿದ ಸೋಮವಾರ ಇಬ್ಬರೂ ರಜೆ ಹಾಕಿದೆವು. ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು. ಹಿಂದಿನ ವಾರವೇ ಗೋಡೌನಿನ ಸ್ನೇಹಿತರ ಹತ್ತಿರ ಹೋಗಿ ಮಾತಾಡಿ ಬಂದಿದ್ದರು. ಸ್ಟೋರ್ ಕೀಪರ್ ಕೆಲಸ ಇನ್ನೂ ಇದೆ, ಒಂದನೇ ತಾರೀಖಿನಿಂದ ಬನ್ನಿ ಎಂದಿದ್ದರಂತೆ. ಆದರೆ ಕಾರ್ಖಾನೆಗೆ ರಾಜೀನಾಮೆ ಕೊಟ್ಟಿರಲಿಲ್ಲ. "ಅಲ್ಲಿ ಮುಗೀಲಿ ಮೊದ್ಲು" ಎಂದಿದ್ದರು.

ಕೌಂಟರಿನಲ್ಲಿ ಈಗ ಬೇರೆ ಹುಡುಗಿ. ಚೆಕ್ ತೆಗೆದುಕೊಂಡಳು, ಚಿಲ್ಲರೆ ದಿನಗಳ ಬಾಕಿ ಬಡ್ಡಿಯ ಲೆಕ್ಕ ಹೇಳಿದಳು, ಮೂರು ಕಡೆ ಸಹಿ ಹಾಕಿಸಿದಳು. ಚೆಕ್ ಪಾಸಾದ ಮೇಲೆ ಬನ್ನಿ ಎಂದು ಕಳಿಸಿದಳು. ನಾವು ಗುರುವಾರ ಮತ್ತೆ ಹೋದೆವು. ಗಾಜಿನ ಹಿಂದೆ ಕೂತು ಅವಳು ಬಹಳ ಹೊತ್ತು ಏನೋ ಒತ್ತಿದಳು. ಆಮೇಲೆ ಮೆಲ್ಲಗಿನ ದನಿಯಲ್ಲಿ, "ಆಯ್ತು ಮೇಡಂ, ಕ್ಲೋಸ್ ಆಗಿದೆ. ಮನೆ ಪತ್ರಗಳು ಹೆಡ್ ಆಫೀಸಿಂದ ಬರಕ್ಕೆ ಸ್ವಲ್ಪ ದಿನ ಆಗತ್ತೆ" ಎಂದಳು.

"ಪ್ರಿಂಟ್ ಕೊಡಮ್ಮ" ಎಂದೆ.

ಕೊಟ್ಟಳು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಅಸಲು ಸೊನ್ನೆ, ಬಡ್ಡಿ ಸೊನ್ನೆ, ಬಾಕಿ ಕಂತು ಸೊನ್ನೆ. ಇನ್ನೊಂದು ಸಲ ಓದಿದೆ. ಪಕ್ಕಕ್ಕೆ ತಿರುಗಿ, "ಮುಗೀತು ರೀ" ಎಂದೆ.

ಅವರು ಗಾಜಿನ ಆಚೆಗಿದ್ದ ಹುಡುಗಿಯ ಬಾಯಿಯನ್ನೇ ನೋಡುತ್ತಿದ್ದರು, ಅವಳು ಇನ್ನೇನೋ ಹೇಳುತ್ತಾಳೆ ಎಂದು ಕಾಯುತ್ತಿದ್ದರು. ನಾನು ಅವರ ಬಲಗಡೆ ನಿಂತಿದ್ದೆ. ನನ್ನ ಮಾತು ಅವರಿಗೆ ಮುಟ್ಟಿರಲೇ ಇಲ್ಲ. ಐದು ವರ್ಷದಿಂದ ಹೇಳಲು ಕಾದಿದ್ದ ಮಾತು! ನನಗೆ ಆಗ ಏನಾಯಿತೋ ಗೊತ್ತಿಲ್ಲ, ಕೋಪವೋ ಅಳುವೋ ಎರಡೂ ಸೇರಿ ಬಂತೋ, ತೋಳು ಹಿಡಿದೆಳೆದು ಆ ಆಫೀಸು ನಡುಗುವ ಹಾಗೆ ಕೂಗಿದೆ.

"ಸಾಲ ತೀರ್ತು ರೀ! ನಾಳೆಯಿಂದ ಪ್ರೆಸ್ಸಿಗೆ ಹೋಗ್ಬೇಡಿ!"

ಟೋಕನ್ ಹಿಡಿದು ಕೂತಿದ್ದವರೆಲ್ಲ ತಿರುಗಿದರು. ಬಾಗಿಲ ಬಳಿಯ ಸೆಕ್ಯೂರಿಟಿಯವನು ಎದ್ದು ನಿಂತ. ಒಳಗಿನ ಕೋಣೆಯಿಂದ ಮ್ಯಾನೇಜರ್ ತಲೆ ಹೊರಗೆ ಹಾಕಿದರು. ನೋಡಿಕೊಳ್ಳಲಿ ಎಂದುಕೊಂಡೆ. ನನ್ನ ಗಂಡ ನನ್ನ ಕಡೆ ತಿರುಗಿದರು. ಕಣ್ಣು ತುಂಬಿಕೊಂಡಿತ್ತು.

"ಕೇಳಿಸ್ತು ಕಣೆ" ಎಂದರು. "ಇನ್ನೊಂದ್ಸಲ ಹೇಳು."

ನಾನು ಅವರ ಎಡಗಡೆಗೆ ಬಂದು, ಈ ಸಲ ಮನೆಯಲ್ಲಿ ಎಲ್ಲರ ಹೆಂಡಂದಿರೂ ಮಾತಾಡುವಷ್ಟೇ ಮೆಲ್ಲಗೆ ಹೇಳಿದೆ. ಅದೂ ಕೇಳಿಸಿತು.